ಎಲೆಯ ರಚನೆ ಮತ್ತು ದ್ಯುತಿಸಂಶ್ಲೇಷಣೆ: ಕೈಯಾರೆ ಪರೀಕ್ಷಿಸಿ ಅರಿಯಲು ಒಂದು ಸಮಗ್ರ ಮಾರ್ಗದರ್ಶಿ

ಎಲೆಯು ಆಹಾರ ತಯಾರಿಸಬೇಕಾದರೆ ಬೆಳಕು, ನೀರು ಮತ್ತು ಇಂಗಾಲದ ಡೈಆಕ್ಸೈಡ್ ಈ ಮೂರೂ ಕ್ಲೋರೋಪ್ಲಾಸ್ಟ್‌ಗಳೆಂಬ ಹಸಿರು ಕಣಗಳಿರುವ ಜೀವಕೋಶದೊಳಗೆ ಒಂದೇ ಹೊತ್ತಿನಲ್ಲಿ ಬಂದು ಸೇರಬೇಕು. ಸರಳವಾಗಿ ಕಾಣುವ ಈ ಬೇಡಿಕೆಯಲ್ಲಿ ಒಂದು ತೊಡಕಿದೆ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇರುವುದು ಸುಮಾರು ಶೇಕಡ 0.04ರಷ್ಟು ಮಾತ್ರ. ಇಷ್ಟು ವಿರಳವಾದ ಅನಿಲವನ್ನು ಪಡೆಯಲು ಎಲೆ ತನ್ನ ಒದ್ದೆಯಾದ ಒಳಭಾಗವನ್ನು ಗಾಳಿಗೆ ತೆರೆಯಲೇಬೇಕು. ತೆರೆದ ಕ್ಷಣದಿಂದ ನೀರು ಆವಿಯಾಗಿ ಹೊರಟುಹೋಗುತ್ತದೆ. ಬೇರುಗಳು ಹೀರಿಕೊಂಡ ನೀರಿನಲ್ಲಿ ಶೇಕಡ 95ಕ್ಕಿಂತ ಹೆಚ್ಚು ಭಾಗ ಸಾಮಾನ್ಯವಾಗಿ ಹೀಗೆಯೇ ಬಾಷ್ಪವಾಗಿ ಕಳೆದುಹೋಗುತ್ತದೆ. ಎಲೆಯ ಮೇಣದ ಪದರ, ರಂಧ್ರಗಳು, ಒಳಗಿನ ಪೊಳ್ಳು ಜಾಗಗಳು, ನರಗಳು, ಇವೆಲ್ಲವೂ ಈ ಒಂದು ತೊಡಕನ್ನು ನಿಭಾಯಿಸುವ ಏರ್ಪಾಡುಗಳೆಂದು ನೋಡಿದಾಗ ಮಾತ್ರ ಎಲೆಯ ರಚನೆ ಅರ್ಥವಾಗುತ್ತದೆ. ಅಡ್ಡಸೀಳಿಕೆಯ ಚಿತ್ರಕ್ಕೆ ಹೆಸರು ಬರೆದು ಬಾಯಿಪಾಠ ಮಾಡುವುದರಿಂದ ಅದು ಆಗುವುದಿಲ್ಲ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಪ್ರತಿಯೊಂದು ಭಾಗವನ್ನೂ ಕಣ್ಣಾರೆ ನೋಡುವ, ಸಾಧ್ಯವಿದ್ದಲ್ಲಿ ಅದರ ಕೆಲಸವನ್ನು ಪರೀಕ್ಷಿಸುವ ವಿಧಾನವನ್ನು ಅನುಸರಿಸಲಾಗಿದೆ.

ಬೇಕಾಗುವ ಸಾಮಗ್ರಿ ಹೆಚ್ಚೇನಿಲ್ಲ: ಒಂದು ಸಾಧಾರಣ ಸೂಕ್ಷ್ಮದರ್ಶಕ, ಕೈಮಸೂರ, ಸ್ಲೈಡ್ ಮತ್ತು ಕವರ್ ಸ್ಲಿಪ್‌ಗಳು, ಹೊಸ ಬ್ಲೇಡು, ಬಣ್ಣವಿಲ್ಲದ ನೇಲ್ ಪಾಲಿಶ್, ಪಾರದರ್ಶಕ ಅಂಟುಪಟ್ಟಿ, ಅಯೋಡಿನ್ ದ್ರಾವಣ, ಆಲ್ಕೋಹಾಲ್, ಅಡುಗೆ ಸೋಡಾ, ಸೂಜಿಯಿಲ್ಲದ ಸಿರಿಂಜ್ ಮತ್ತು ಕಾಗದಕ್ಕೆ ತೂತು ಹಾಕುವ ಪಂಚ್. ಸೂಕ್ಷ್ಮದರ್ಶಕ ಇಲ್ಲದವರು ಎರಡನೆಯ, ಮೂರನೆಯ ಮತ್ತು ಏಳನೆಯ ಹಂತಗಳನ್ನು ಓದಿಕೊಂಡು ಉಳಿದವನ್ನು ಮಾಡಬಹುದು.

ಹಂತ 1: ಬರಿಗಣ್ಣಿನಿಂದ ನೋಡುವುದು

ತೆಳುವಾದ, ಅಗಲವಾದ, ದ್ವಿದಳ ಸಸ್ಯದ ಒಂದು ಎಲೆಯನ್ನೂ ಹುಲ್ಲಿನ ಜಾತಿಯ ಒಂದು ಎಲೆಯನ್ನೂ ಆರಿಸಿಕೊಂಡು ಬೆಳಕಿಗೆ ಹಿಡಿಯಿರಿ. ಸಾಮಾನ್ಯ ಎಲೆಯ ದಪ್ಪ ಮಿಲಿಮೀಟರಿನ ಹತ್ತರಲ್ಲಿ ಕೆಲವು ಭಾಗಗಳಷ್ಟೇ. ಈ ತೆಳುತನಕ್ಕೆ ಎರಡು ಕಾರಣಗಳಿವೆ: ಮೇಲಿನಿಂದ ಬಿದ್ದ ಬೆಳಕು ತಳದ ಪದರದವರೆಗೂ ತಲುಪಬೇಕು, ಕೆಳಗಿನಿಂದ ಬಂದ ಅನಿಲವು ಮೇಲಿನ ಪದರದವರೆಗೂ ಹೋಗಬೇಕು. ಎಲೆ ದಪ್ಪವಾದಷ್ಟೂ ಈ ಎರಡು ದಾರಿಗಳೂ ಉದ್ದವಾಗುತ್ತವೆ.

ಈಗ ಎಲೆಯನ್ನು ತಿರುಗಿಸಿ ಎರಡೂ ಬದಿಯ ಬಣ್ಣವನ್ನು ಹೋಲಿಸಿ. ದ್ವಿದಳ ಎಲೆಯ ಮೇಲ್ಬದಿ ಗಾಢ ಹಸಿರಾಗಿಯೂ ತಳಬದಿ ಮಾಸಲಾಗಿಯೂ ಇರುತ್ತದೆ. ಹುಲ್ಲಿನ ಎಲೆ ಹೆಚ್ಚುಕಡಿಮೆ ನೆಟ್ಟಗೆ ನಿಲ್ಲುವುದರಿಂದ ಅದರ ಎರಡೂ ಬದಿಗಳು ಬಹುಮಟ್ಟಿಗೆ ಒಂದೇ ರೀತಿ ಕಾಣುತ್ತವೆ. ಈ ಬಣ್ಣದ ವ್ಯತ್ಯಾಸದ ಕಾರಣ ಮೂರನೆಯ ಹಂತದಲ್ಲಿ ತಾನಾಗಿಯೇ ತಿಳಿಯುತ್ತದೆ.

ಹಂತ 2: ಹೊರಪದರ ಮತ್ತು ಪತ್ರರಂಧ್ರಗಳು

ಎಲೆಯ ಹೊರಮೈಯನ್ನು ನೋಡಲು ಎರಡು ವಿಧಾನಗಳಿವೆ. ಮೊದಲನೆಯದು ಅಚ್ಚು ತೆಗೆಯುವ ವಿಧಾನ. ಎಲೆಯ ತಳಬದಿಯ ಮೇಲೆ ನೇಲ್ ಪಾಲಿಶನ್ನು ತೆಳುವಾಗಿ ಬಳಿದು, ಪೂರ್ತಿ ಒಣಗಿದ ಬಳಿಕ ಅದರ ಮೇಲೆ ಅಂಟುಪಟ್ಟಿಯನ್ನು ಒತ್ತಿ, ನಿಧಾನವಾಗಿ ಎಬ್ಬಿಸಿ ಸ್ಲೈಡಿಗೆ ಅಂಟಿಸಬೇಕು. ಅದೇ ಎಲೆಯ ಮೇಲ್ಬದಿಯಿಂದಲೂ ಒಂದು ಅಚ್ಚು ತೆಗೆದಿಟ್ಟುಕೊಳ್ಳಿ. ಎರಡನೆಯದು ಸಿಪ್ಪೆ ಸುಲಿಯುವ ವಿಧಾನ. ಎಲೆಯನ್ನು ಓರೆಯಾಗಿ ಹರಿದರೆ ಹರಿದ ಅಂಚಿನಲ್ಲಿ ಬಣ್ಣವಿಲ್ಲದ ತೆಳುಪೊರೆ ಸಿಗುತ್ತದೆ. ಅದನ್ನು ಒಂದು ಹನಿ ನೀರಿನಲ್ಲಿಟ್ಟು ಕವರ್ ಸ್ಲಿಪ್ ಮುಚ್ಚಬೇಕು. ರಿಯೋ ಗಿಡದ ನೇರಳೆ ಬಣ್ಣದ ತಳಬದಿ ಇದಕ್ಕೆ ಬಹಳ ಚೆನ್ನಾಗಿ ಒದಗುತ್ತದೆ, ಏಕೆಂದರೆ ನೇರಳೆ ಕೋಶಗಳ ನಡುವೆ ಹಸಿರು ಕಾವಲು ಕೋಶಗಳು ಎದ್ದು ಕಾಣುತ್ತವೆ. ಅಚ್ಚಿನಲ್ಲಿ ಕಾಣುವುದು ಆಕಾರ ಮಾತ್ರ. ಸಿಪ್ಪೆಯಲ್ಲಿ ಜೀವಂತ ಕೋಶಗಳೇ ಇರುತ್ತವೆ. ಸಾಧ್ಯವಾದರೆ ಎರಡನ್ನೂ ಮಾಡುವುದು ಒಳ್ಳೆಯದು.

ಸೂಕ್ಷ್ಮದರ್ಶಕದಲ್ಲಿ ಮೊದಲು ಗಮನಿಸಬೇಕಾದುದು ರಂಧ್ರಗಳನ್ನಲ್ಲ, ಅವುಗಳ ಸುತ್ತಲಿನ ಸಾಮಾನ್ಯ ಕೋಶಗಳನ್ನು. ಇವು ಒಂದಕ್ಕೊಂದು ಸಂದಿಲ್ಲದಂತೆ ಹೆಣೆದುಕೊಂಡಿರುತ್ತವೆ. ಹೆಚ್ಚಿನ ನೆಲಸಸ್ಯಗಳಲ್ಲಿ ಇವುಗಳೊಳಗೆ ಎದ್ದುಕಾಣುವ ಕ್ಲೋರೋಪ್ಲಾಸ್ಟ್‌ಗಳಿರುವುದಿಲ್ಲ. ಬಣ್ಣವಿಲ್ಲದ ಕಾರಣ ಇವು ಬೆಳಕನ್ನು ತಡೆಯದೆ ಒಳಕ್ಕೆ ಬಿಡುತ್ತವೆ. ಹೊರಗೆ ಇವು ಹೊದ್ದುಕೊಂಡಿರುವ ಕ್ಯುಟಿಕಲ್ ಎಂಬ ಮೇಣದಂಥ ಪದರವು ನೀರನ್ನು ತಡೆಯುತ್ತದೆ. ಆದರೆ ಈ ಕ್ಯುಟಿಕಲ್ ಇಂಗಾಲದ ಡೈಆಕ್ಸೈಡನ್ನೂ ತಡೆಯುತ್ತದೆ. ಆದ್ದರಿಂದಲೇ ರಂಧ್ರಗಳು ಅನಿವಾರ್ಯ.

ಪ್ರತಿಯೊಂದು ರಂಧ್ರವನ್ನೂ ಎರಡು ಕಾವಲು ಕೋಶಗಳು ಸುತ್ತುವರಿದಿರುತ್ತವೆ. ದ್ವಿದಳ ಸಸ್ಯಗಳಲ್ಲಿ ಅವು ಹುರುಳಿಕಾಳಿನ ಆಕಾರದಲ್ಲಿಯೂ ಹುಲ್ಲುಗಳಲ್ಲಿ ವ್ಯಾಯಾಮದ ಡಂಬೆಲ್ ಆಕಾರದಲ್ಲಿಯೂ ಇರುತ್ತವೆ. ರಂಧ್ರದ ಕಡೆಗಿರುವ ಅವುಗಳ ಗೋಡೆ ಹೆಚ್ಚು ದಪ್ಪವಾಗಿರುವುದನ್ನು ಸಿಪ್ಪೆಯಲ್ಲಿ ಗುರುತಿಸಬಹುದು. ಬೆಳಕು ಬಿದ್ದಾಗ ಈ ಕೋಶಗಳು ಪೊಟ್ಯಾಸಿಯಂ ಅಯಾನುಗಳನ್ನು ಒಳಗೆ ತುಂಬಿಕೊಳ್ಳುತ್ತವೆ. ಅವುಗಳ ಹಿಂದೆಯೇ ನೀರು ನುಗ್ಗುತ್ತದೆ. ಗೋಡೆಯ ಸೆಲ್ಯುಲೋಸ್ ಎಳೆಗಳು ಅಡ್ಡಡ್ಡವಾಗಿ ಸುತ್ತಿಕೊಂಡಿರುವುದರಿಂದ ಕೋಶವು ದಪ್ಪಗಾಗದೆ ಉದ್ದವಾಗಿ ಬಾಗುತ್ತದೆ, ನಡುವೆ ರಂಧ್ರ ತೆರೆಯುತ್ತದೆ. ನೀರು ಕಡಿಮೆಯಾದಾಗ ಇದೇ ಕೋಶಗಳು ಸೊರಗಿ ರಂಧ್ರವನ್ನು ಮುಚ್ಚುತ್ತವೆ. ಇದನ್ನು ಕಣ್ಣಾರೆ ನೋಡಲು ತೆರೆದ ರಂಧ್ರಗಳಿರುವ ಸಿಪ್ಪೆಯ ಒಂದು ಅಂಚಿಗೆ ಗಟ್ಟಿಯಾದ ಸಕ್ಕರೆ ದ್ರಾವಣದ ಹನಿಯನ್ನಿಟ್ಟು, ಇನ್ನೊಂದು ಅಂಚಿನಿಂದ ಹೀರುಕಾಗದದಿಂದ ನೀರನ್ನು ಎಳೆದುಕೊಳ್ಳಿ. ಕಾವಲು ಕೋಶಗಳು ನೀರು ಕಳೆದುಕೊಳ್ಳುತ್ತಿದ್ದಂತೆ ರಂಧ್ರಗಳು ಕಿರಿದಾಗುತ್ತವೆ.

ರಂಧ್ರಗಳನ್ನು ಎಣಿಸುವುದು ಬೇಸರದ ಕೆಲಸವಾದರೂ ಬಿಡಬೇಡಿ. ಪಾರದರ್ಶಕ ಅಳತೆಪಟ್ಟಿಯೊಂದನ್ನು 10 ಪಟ್ಟಿನ ಮಸೂರದ ಕೆಳಗಿಟ್ಟು ದೃಷ್ಟಿಕ್ಷೇತ್ರದ ವ್ಯಾಸವನ್ನು ಅಳೆಯಿರಿ. ಅದು 1.8 ಮಿಲಿಮೀಟರ್ ಇದ್ದರೆ 40 ಪಟ್ಟಿನ ಮಸೂರದಲ್ಲಿ ಅದರ ಕಾಲುಭಾಗ, ಅಂದರೆ 0.45 ಮಿಲಿಮೀಟರ್ ಆಗುತ್ತದೆ. ವಿಸ್ತೀರ್ಣ ಸುಮಾರು 0.16 ಚದರ ಮಿಲಿಮೀಟರ್. ಆ ಕ್ಷೇತ್ರದಲ್ಲಿ 24 ರಂಧ್ರಗಳು ಕಂಡರೆ ಒಂದು ಚದರ ಮಿಲಿಮೀಟರಿಗೆ 150 ಎಂದಾಯಿತು. ಐದಾರು ಕಡೆ ಎಣಿಸಿ ಸರಾಸರಿ ತೆಗೆಯಬೇಕು, ನರಗಳ ಮೇಲಿನ ಭಾಗವನ್ನು ಬಿಡಬೇಕು. ಅನೇಕ ದ್ವಿದಳ ಮರಗಳಲ್ಲಿ ಮೇಲ್ಬದಿಯ ಅಚ್ಚಿನಲ್ಲಿ ಒಂದು ರಂಧ್ರವೂ ಸಿಗದಿರಬಹುದು. ನೇರ ಬಿಸಿಲಿಗೆ ಕಾಯುವ ಬದಿಗಿಂತ ನೆರಳಿನ ತಳಬದಿಯಲ್ಲಿ ರಂಧ್ರಗಳಿದ್ದರೆ ನೀರಿನ ನಷ್ಟ ಕಡಿಮೆ.

ರಂಧ್ರಗಳೆಲ್ಲ ಪೂರ್ತಿ ತೆರೆದಿದ್ದಾಗಲೂ ಅವುಗಳ ಬಾಯಿಗಳ ಒಟ್ಟು ವಿಸ್ತೀರ್ಣ ಎಲೆಯ ಮೇಲ್ಮೈಯ ಶೇಕಡ ಒಂದೆರಡರ ಆಸುಪಾಸಿನಲ್ಲಿರುತ್ತದೆ. ಇಷ್ಟು ಸಾಕೇ ಎಂಬ ಸಂದೇಹ ಸಹಜ. 1900ರಲ್ಲಿ ವಿಜ್ಞಾನಿಗಳಾದ ಹೊರೇಸ್ ಬ್ರೌನ್ ಮತ್ತು ಫರ್ಗಸನ್ ಎಸ್ಕೊಂಬ್ ಇದಕ್ಕೆ ಉತ್ತರ ಕೊಟ್ಟರು: ಸಣ್ಣ ರಂಧ್ರದ ಮೂಲಕ ಅನಿಲದ ವಿಸರಣೆಯು ರಂಧ್ರದ ವಿಸ್ತೀರ್ಣವನ್ನಲ್ಲ, ಅದರ ವ್ಯಾಸವನ್ನು ಅವಲಂಬಿಸಿರುತ್ತದೆ. ಆದ್ದರಿಂದ ಒಂದು ದೊಡ್ಡ ತೂತಿಗಿಂತ, ಅಷ್ಟೇ ವಿಸ್ತೀರ್ಣವನ್ನು ಹಂಚಿಕೊಂಡು ದೂರದೂರದಲ್ಲಿರುವ ನೂರಾರು ಸಣ್ಣ ತೂತುಗಳ ಮೂಲಕ ಹೆಚ್ಚು ಅನಿಲ ಸಾಗುತ್ತದೆ. ಎಲೆಯ ರಚನೆಯಲ್ಲಿ ನನಗೆ ಅತ್ಯಂತ ಜಾಣತನದ್ದೆನಿಸುವ ಭಾಗ ಇದು.

ಹಂತ 3: ಅಡ್ಡಸೀಳಿಕೆ

ತೆಳುವಾದ ಎಲೆಯನ್ನು ಕೈಯಲ್ಲಿ ಹಿಡಿದು ಕೊಯ್ಯಲಾಗದು. ಕ್ಯಾರೆಟ್ ತುಂಡೊಂದನ್ನು ಉದ್ದಕ್ಕೆ ಸೀಳಿ, ಸೀಳಿನಲ್ಲಿ ಎಲೆಯ ಸಣ್ಣ ಪಟ್ಟಿಯನ್ನು ಸಿಕ್ಕಿಸಿ, ಎರಡನ್ನೂ ಒಟ್ಟಿಗೆ ಕೊಯ್ಯಿರಿ. ಬ್ಲೇಡನ್ನೂ ಕ್ಯಾರೆಟ್ಟನ್ನೂ ಒದ್ದೆ ಮಾಡಿಕೊಂಡು, ಒತ್ತದೆ, ಓರೆಯಾಗಿ ಒಂದೇ ಎಳೆತದಲ್ಲಿ ತನ್ನತ್ತ ಎಳೆಯಬೇಕು. ಬೆರಳುಗಳು ಬ್ಲೇಡಿನ ಮಟ್ಟಕ್ಕಿಂತ ಕೆಳಗಿರಬೇಕು. ಹತ್ತಿಪ್ಪತ್ತು ಚೂರುಗಳನ್ನು ನೀರಿನ ತಟ್ಟೆಗೆ ಬೀಳಿಸಿ, ಅವುಗಳಲ್ಲಿ ಅತ್ಯಂತ ತೆಳುವಾದುದನ್ನು ಕುಂಚದಿಂದ ಎತ್ತಿಕೊಳ್ಳಿ. ಪೂರ್ತಿ ಚೂರು ಬೇಕೆಂದು ಹಟ ಹಿಡಿಯಬೇಕಾಗಿಲ್ಲ. ಒಂದು ಅಂಚು ತೆಳುವಾಗಿದ್ದರೂ ಸಾಕು. ಸಫ್ರಾನಿನ್ ಬಣ್ಣ ದೊರೆತರೆ ಒಂದು ಹನಿ ಹಾಕಿ ತೊಳೆಯಿರಿ, ನರದಲ್ಲಿ ನೀರು ಸಾಗಿಸುವ ಕ್ಸೈಲಂ ಎಂಬ ಭಾಗ ಕೆಂಪಾಗಿ ಕಾಣುತ್ತದೆ.

ಮೇಲಿನ ಹೊರಪದರದ ಕೆಳಗೆ ನೆಟ್ಟಗೆ ನಿಂತ ಉದ್ದನೆಯ ಕೋಶಗಳ ಸಾಲು ಪ್ಯಾಲಿಸೇಡ್ ಪದರ. ಎಲೆಯ ಕ್ಲೋರೋಪ್ಲಾಸ್ಟ್‌ಗಳ ಬಹುಪಾಲು ಇಲ್ಲಿದೆ; ಮೇಲ್ಬದಿ ಗಾಢ ಹಸಿರಾಗಿರಲು ಇದೇ ಕಾರಣ. ಕೋಶಗಳು ನೆಟ್ಟಗಿರುವುದರಿಂದ ಬೆಳಕು ಅಡ್ಡಗೋಡೆಗಳಿಗೆ ಹೆಚ್ಚು ಡಿಕ್ಕಿ ಹೊಡೆಯದೆ ಆಳಕ್ಕೆ ಇಳಿಯುತ್ತದೆ. ಕೋಶದೊಳಗೆ ಕ್ಲೋರೋಪ್ಲಾಸ್ಟ್‌ಗಳು ಒಂದೆಡೆ ಅಂಟಿಕೊಂಡಿರುವುದಿಲ್ಲ: ಮಂದ ಬೆಳಕಿನಲ್ಲಿ ಬೆಳಕಿಗೆ ಎದುರಾದ ಗೋಡೆಯ ಉದ್ದಕ್ಕೆ ಹರಡಿಕೊಳ್ಳುತ್ತವೆ, ಪ್ರಖರ ಬೆಳಕಿನಲ್ಲಿ ಪಕ್ಕದ ಗೋಡೆಗಳಿಗೆ ಸರಿದು ಒಂದರ ನೆರಳಿನಲ್ಲಿ ಒಂದು ನಿಂತು ಹಾನಿಯಿಂದ ತಪ್ಪಿಸಿಕೊಳ್ಳುತ್ತವೆ.

ಪ್ಯಾಲಿಸೇಡ್ ಕೋಶಗಳು ಒತ್ತೊತ್ತಾಗಿ ಜೋಡಣೆಗೊಂಡಿವೆ ಎಂದು ಪಠ್ಯಗಳಲ್ಲಿ ಬರೆದಿರುತ್ತದೆ, ಚಿತ್ರದಲ್ಲಿಯೂ ಹಾಗೆಯೇ ಕಾಣುತ್ತದೆ. ಇದು ದಾರಿ ತಪ್ಪಿಸುವ ಮಾತು. ಎಲೆಯನ್ನು ಮೇಲ್ಮೈಗೆ ಸಮಾನಾಂತರವಾಗಿ ಕೊಯ್ದು ನೋಡಿದರೆ ಈ ಕೋಶಗಳು ದುಂಡಗಿನ ಕಂಬಗಳಂತೆ ಅಲ್ಲಲ್ಲಿ ಮಾತ್ರ ಒಂದನ್ನೊಂದು ಮುಟ್ಟಿಕೊಂಡಿರುವುದೂ, ಅವುಗಳ ನಡುವೆ ಗಾಳಿಯ ಸಂದುಗಳು ಇರುವುದೂ ತಿಳಿಯುತ್ತದೆ. ಹಾಗಿಲ್ಲದಿದ್ದರೆ ಅತಿ ಹೆಚ್ಚು ಇಂಗಾಲದ ಡೈಆಕ್ಸೈಡ್ ಬೇಕಾದ ಕೋಶಗಳಿಗೇ ಅದು ಸಿಗದೆ ಹೋಗುತ್ತಿತ್ತು.

ಅದರ ಕೆಳಗಿನ ಸ್ಪಂಜಿ ಪದರದಲ್ಲಿ ಕೋಶಗಳ ಆಕಾರ ಅಂಕುಡೊಂಕು, ಪೊಳ್ಳು ಜಾಗ ಹೆಚ್ಚು. ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಸಾಗುವುದಕ್ಕಿಂತ ಗಾಳಿಯಲ್ಲಿ ಸುಮಾರು 10,000 ಪಟ್ಟು ವೇಗವಾಗಿ ವಿಸರಣೆಗೊಳ್ಳುತ್ತದೆ. ಹೀಗಾಗಿ ರಂಧ್ರದಿಂದ ಪ್ರತಿಯೊಂದು ಕೋಶದ ಗೋಡೆಯವರೆಗೂ ಗಾಳಿಯ ದಾರಿಯಿದ್ದು, ಕೊನೆಯ ಕೆಲವೇ ಮೈಕ್ರೋಮೀಟರುಗಳನ್ನು ಮಾತ್ರ ಅನಿಲವು ನೀರಿನಲ್ಲಿ ಕರಗಿ ದಾಟುವಂತೆ ಏರ್ಪಾಡಾಗಿದೆ. ಗಾಳಿಗೆ ತೆರೆದುಕೊಂಡ ಒಳಕೋಶಗಳ ಗೋಡೆಗಳನ್ನೆಲ್ಲ ಹರಡಿ ಅಳೆದರೆ ಅದು ಎಲೆಯ ವಿಸ್ತೀರ್ಣದ ಹತ್ತರಿಂದ ನಲವತ್ತು ಪಟ್ಟು ಆಗುತ್ತದೆ. ಈ ಪದರಕ್ಕೆ ಇನ್ನೊಂದು ಕೆಲಸವೂ ಇದೆ: ಗಾಳಿ ಮತ್ತು ನೀರಿನ ಗಡಿಗಳಲ್ಲಿ ಬೆಳಕು ಮತ್ತೆ ಮತ್ತೆ ಚದುರಿ ದಿಕ್ಕು ಬದಲಿಸುವುದರಿಂದ, ಮೊದಲ ಸುತ್ತಿನಲ್ಲಿ ತಪ್ಪಿಸಿಕೊಂಡ ಕಿರಣಕ್ಕೂ ಯಾವುದೋ ಒಂದು ಕ್ಲೋರೋಪ್ಲಾಸ್ಟ್ ಎದುರಾಗುತ್ತದೆ. ಎಲೆ ಹಸಿರು ಬೆಳಕನ್ನು ಪೂರ್ತಿ ಹಿಂದೆ ಕಳಿಸುತ್ತದೆ ಎಂಬ ನಂಬಿಕೆ ತಪ್ಪು. ಈ ಚದುರುವಿಕೆಯ ದೆಸೆಯಿಂದ ಹಸಿರು ಬೆಳಕಿನ ದೊಡ್ಡ ಪಾಲೂ ಎಲೆಯಲ್ಲಿಯೇ ಹೀರಲ್ಪಡುತ್ತದೆ.

ಹಂತ 4: ಒಳಗಿನ ಗಾಳಿಯನ್ನು ತೆಗೆದು ನೋಡುವುದು

ಸೂಕ್ಷ್ಮದರ್ಶಕವಿಲ್ಲದೆಯೇ ಒಳಗಿನ ಪೊಳ್ಳು ಜಾಗಗಳನ್ನೂ ದ್ಯುತಿಸಂಶ್ಲೇಷಣೆಯನ್ನೂ ಒಟ್ಟಿಗೆ ತೋರಿಸಿಕೊಡುವ ಪರೀಕ್ಷೆಯಿದು. ಒಂದು ಲೀಟರ್ ನೀರಿಗೆ 2 ಗ್ರಾಂ ಅಡುಗೆ ಸೋಡಾ ಕರಗಿಸಿ, ಒಂದೆರಡು ಹನಿ ಪಾತ್ರೆ ತೊಳೆಯುವ ದ್ರವ ಬೆರೆಸಿ, ನೊರೆ ಬರದಂತೆ ಕಲಕಿ. ಪಾಲಕ್‌ನಂಥ ಮೆದು ಎಲೆಯಿಂದ, ದಪ್ಪ ನರಗಳನ್ನು ಬಿಟ್ಟು, ಪಂಚ್‌ನಿಂದ ಹತ್ತು ಬಿಲ್ಲೆಗಳನ್ನು ಕತ್ತರಿಸಿ. ನೀರಿನಲ್ಲಿ ಹಾಕಿದರೆ ಅವು ತೇಲುತ್ತವೆ, ಏಕೆಂದರೆ ಒಳಗೆ ಗಾಳಿಯಿದೆ.

ಬಿಲ್ಲೆಗಳನ್ನೂ ಸ್ವಲ್ಪ ದ್ರಾವಣವನ್ನೂ ಸಿರಿಂಜಿನೊಳಗೆ ತೆಗೆದುಕೊಂಡು, ಮೇಲಿನ ಗಾಳಿಯನ್ನು ಹೊರದಬ್ಬಿ, ಬಾಯಿಯನ್ನು ಬೆರಳಿನಿಂದ ಮುಚ್ಚಿ, ಪಿಸ್ಟನ್ನನ್ನು ಹಿಂದಕ್ಕೆಳೆದು ಹತ್ತು ಸೆಕೆಂಡು ಹಿಡಿಯಿರಿ. ಎಲೆಯ ಅಂಚಿನಿಂದ ಸಣ್ಣ ಗುಳ್ಳೆಗಳು ಹೊರಡುತ್ತವೆ. ಪಿಸ್ಟನ್ ಬಿಟ್ಟಾಗ ಆ ಜಾಗಕ್ಕೆ ದ್ರಾವಣ ನುಗ್ಗುತ್ತದೆ. ಎರಡು ಮೂರು ಬಾರಿ ಹೀಗೆ ಮಾಡಿದರೆ ಬಿಲ್ಲೆಗಳು ತಳಕ್ಕಿಳಿಯುತ್ತವೆ. ಇಳಿಯದಿದ್ದರೆ ಸಿರಿಂಜನ್ನು ತಟ್ಟಿ ಮತ್ತೊಮ್ಮೆ ಎಳೆಯಿರಿ. ಅತಿಯಾಗಿ ಎಳೆದರೆ ಕೋಶಗಳು ಕೆಡುತ್ತವೆ, ಆಗ ಅವು ಮತ್ತೆ ಮೇಲೇಳುವುದೇ ಇಲ್ಲ.

ಮುಳುಗಿದ ಬಿಲ್ಲೆಗಳನ್ನು ದ್ರಾವಣವಿರುವ ಗಾಜಿನ ಲೋಟಕ್ಕೆ ಸುರಿದು ಪ್ರಖರ ದೀಪದ ಕೆಳಗಿಡಿ. ದೀಪದ ಬಿಸಿ ನೇರವಾಗಿ ತಾಗದಂತೆ ಎಚ್ಚರ ವಹಿಸಿ. ನಿಮಿಷಗಳು ಕಳೆದಂತೆ ಬಿಲ್ಲೆಗಳು ಒಂದೊಂದಾಗಿ ಮೇಲೇಳುತ್ತವೆ. ಒಳಗೆ ಉತ್ಪತ್ತಿಯಾದ ಆಮ್ಲಜನಕವು ಪೊಳ್ಳು ಜಾಗಗಳಲ್ಲಿ ಮತ್ತೆ ತುಂಬಿಕೊಂಡದ್ದರ ಪರಿಣಾಮವಿದು. ಸೋಡಾ ಇಲ್ಲದ ನೀರಿನಲ್ಲಿ ಇದೇ ಪರೀಕ್ಷೆಯನ್ನು ಪಕ್ಕದಲ್ಲಿಯೇ ನಡೆಸಿದರೆ ಬಿಲ್ಲೆಗಳು ತಳದಲ್ಲಿಯೇ ಉಳಿಯುತ್ತವೆ, ಅಥವಾ ಬಹಳ ತಡವಾಗಿ ಏಳುತ್ತವೆ. ಒಳಗಿನ ಗಾಳಿಯ ದಾರಿಗಳನ್ನು ನಾವೇ ನೀರಿನಿಂದ ಮುಚ್ಚಿಬಿಟ್ಟಿದ್ದೇವೆ. ಕರಗಿದ ಸೋಡಾದಿಂದ ಸಿಗುವ ಇಂಗಾಲದ ಡೈಆಕ್ಸೈಡ್ ಆ ಕೊರತೆಯನ್ನು ತುಂಬದಿದ್ದರೆ ಕ್ಲೋರೋಪ್ಲಾಸ್ಟ್‌ಗಳಿಗೆ ಕೆಲಸವೇ ಇರುವುದಿಲ್ಲ. ತೇಲಿದ ಬಿಲ್ಲೆಗಳನ್ನು ಕತ್ತಲೆಯಲ್ಲಿಟ್ಟರೆ, ಕೋಶಗಳ ಉಸಿರಾಟಕ್ಕೆ ಆ ಆಮ್ಲಜನಕ ಖರ್ಚಾಗಿ, ಅವು ನಿಧಾನವಾಗಿ ಮುಳುಗುವುದನ್ನೂ ನೋಡಬಹುದು.

ಹಂತ 5: ಪಿಷ್ಟದ ಪರೀಕ್ಷೆ

ಎಲೆಯ ಹಸಿರು ಭಾಗಗಳು ಬೆಳಕಿನಲ್ಲಿ ಮಾತ್ರ ಗಾಳಿಯನ್ನು ಶುದ್ಧಗೊಳಿಸುತ್ತವೆ ಎಂದು ಯಾನ್ ಇಂಗೆನ್‌ಹೌಸ್ 1779ರಲ್ಲಿ ತೋರಿಸಿದರು. ಕ್ಲೋರೋಪ್ಲಾಸ್ಟ್‌ನಲ್ಲಿ ಪಿಷ್ಟ ಉಂಟಾಗುವುದಕ್ಕೆ ಬೆಳಕು ಬೇಕೆಂಬುದನ್ನು ಯೂಲಿಯಸ್ ಸಾಕ್ಸ್ 1860ರ ದಶಕದಲ್ಲಿ ಅಯೋಡಿನ್ ಬಳಸಿ ಸಾಬೀತುಪಡಿಸಿದರು. ಸಾಕ್ಸ್‌ರ ದಾರಿಯೇ ನಮ್ಮದೂ. ಹಸಿರು–ಬಿಳಿ ಮಚ್ಚೆಗಳ ಎಲೆಯಿರುವ ಕುಂಡದ ಗಿಡವೊಂದನ್ನು ಎರಡು ದಿನ ಕತ್ತಲೆಯಲ್ಲಿಟ್ಟು, ಬಳಿಕ ಕೆಲವು ಗಂಟೆ ಒಳ್ಳೆಯ ಬೆಳಕಿನಲ್ಲಿಡಿ. ಎಲೆಯೊಂದನ್ನು ಕಿತ್ತು ಮಚ್ಚೆಗಳ ನಕ್ಷೆಯನ್ನು ಕಾಗದದ ಮೇಲೆ ಬರೆದುಕೊಂಡು, ಒಂದೆರಡು ನಿಮಿಷ ಕುದಿಯುವ ನೀರಿನಲ್ಲಿ ಅದ್ದಿ.

ಮುಂದಿನದು ಅಪಾಯವಿರುವ ಹಂತ. ಆಲ್ಕೋಹಾಲನ್ನು ಎಂದಿಗೂ ನೇರವಾಗಿ ಉರಿಯ ಮೇಲೆ ಇಡಬಾರದು. ಉರಿಯನ್ನು ಪೂರ್ತಿ ಆರಿಸಿದ ಮೇಲೆ, ಬಿಸಿನೀರಿನ ಪಾತ್ರೆಯೊಳಗೆ ಆಲ್ಕೋಹಾಲ್ ಇರುವ ನಳಿಕೆಯನ್ನಿಟ್ಟು, ಅದರಲ್ಲಿ ಎಲೆಯನ್ನು ಮುಳುಗಿಸಬೇಕು. ಮಕ್ಕಳು ಮಾಡುವುದಾದರೆ ಹಿರಿಯರು ಜೊತೆಗಿರಲೇಬೇಕು. ಹಸಿರು ಬಣ್ಣವೆಲ್ಲ ಇಳಿದು ಎಲೆ ಬಿಳಿಚಿಕೊಂಡಾಗ ಹೊರತೆಗೆದು, ಬೆಚ್ಚಗಿನ ನೀರಿನಲ್ಲಿ ಅದ್ದಿ ಮೆದುಗೊಳಿಸಿ, ಅಯೋಡಿನ್ ಹನಿಸಿ. ನಕ್ಷೆಯಲ್ಲಿ ಹಸಿರಾಗಿದ್ದ ಭಾಗಗಳು ಮಾತ್ರ, ಅಲ್ಲಿ ಪಿಷ್ಟವಿರುವುದರಿಂದ, ಕಡುನೀಲಿಯಾಗುತ್ತವೆ. ಬಿಳಿ ಭಾಗಕ್ಕೂ ಬೆಳಕು, ನೀರು, ಗಾಳಿ ಎಲ್ಲವೂ ಸಿಕ್ಕಿದ್ದವು. ಇಲ್ಲದ್ದು ಪತ್ರಹರಿತ್ತು ಎಂಬ ಹಸಿರು ವರ್ಣದ್ರವ್ಯ ಮಾತ್ರ. ಈ ಪರೀಕ್ಷೆಗೆ ಈರುಳ್ಳಿಯ ಎಲೆಯನ್ನು ಆರಿಸಬೇಡಿ, ಅದು ಪಿಷ್ಟವನ್ನಲ್ಲ, ಸಕ್ಕರೆಯನ್ನು ಕೂಡಿಡುತ್ತದೆ.

ಹಂತ 6: ನರಗಳು

ತೊಟ್ಟಿನ ತುದಿಯನ್ನು ನೀರಿನೊಳಗೇ ಕತ್ತರಿಸಿ, ಕೆಂಪು ಬಣ್ಣದ ನೀರಿನಲ್ಲಿ ಎಲೆಯನ್ನು ನಿಲ್ಲಿಸಿದರೆ ಬಣ್ಣವು ಮೊದಲು ನಡುನರಕ್ಕೂ, ಅಲ್ಲಿಂದ ಕವಲುಗಳಿಗೂ ಏರುತ್ತದೆ. ಅಂಥದೇ ಇನ್ನೊಂದು ಎಲೆಯ ತಳಬದಿಗೆ ವ್ಯಾಸಲೀನ್ ಬಳಿದು ಪಕ್ಕದಲ್ಲಿಟ್ಟರೆ ಬಣ್ಣ ಏರುವುದು ನಿಧಾನವಾಗುತ್ತದೆ. ನೀರನ್ನು ಮೇಲಕ್ಕೆಳೆಯುವುದು ರಂಧ್ರಗಳ ಮೂಲಕ ನಡೆಯುವ ಬಾಷ್ಪವಿಸರ್ಜನೆಯೇ ಎಂಬುದಕ್ಕೆ ಇದು ಸಾಕ್ಷಿ. ಅಡ್ಡಸೀಳಿಕೆಯಲ್ಲಿ ನರದ ಮೇಲ್ಭಾಗದಲ್ಲಿ ನೀರು ತರುವ ಕ್ಸೈಲಂ, ಕೆಳಭಾಗದಲ್ಲಿ ಸಕ್ಕರೆ ಒಯ್ಯುವ ಫ್ಲೋಯಂ ಇರುತ್ತದೆ. ಕೈಮಸೂರದಲ್ಲಿ ಅತಿ ಸಣ್ಣ ಕವಲುಗಳನ್ನು ಹಿಂಬಾಲಿಸಿ ನೋಡಿ: ಯಾವ ಹಸಿರು ಕೋಶವೂ ನರದಿಂದ ಕೆಲವೇ ಕೋಶಗಳಿಗಿಂತ ದೂರವಿರದಂತೆ ಅವು ಹಬ್ಬಿರುತ್ತವೆ.

ಹಂತ 7: ಬೇರೆ ಬೇರೆ ಎಲೆಗಳನ್ನು ಹೋಲಿಸುವುದು

ಒಂದು ಎಲೆಯನ್ನು ತಿಳಿದ ಮೇಲೆ ನಿಯಮ ಮೀರಿದವುಗಳನ್ನು ಹುಡುಕಬೇಕು. ಒಂದೇ ಮರದ ಬಿಸಿಲಿನ ತುದಿಯಿಂದಲೂ ಒಳಗಿನ ನೆರಳಿನಿಂದಲೂ ಎಲೆಗಳನ್ನು ತಂದು ಕೊಯ್ದರೆ, ಬಿಸಿಲಿನ ಎಲೆ ದಪ್ಪವಾಗಿಯೂ ಅದರ ಪ್ಯಾಲಿಸೇಡ್ ಕೋಶಗಳು ಉದ್ದವಾಗಿಯೋ ಎರಡು ಸಾಲಾಗಿಯೋ ಇರುವುದು ಕಾಣುತ್ತದೆ. ನೆರಳಿನ ಎಲೆ ಅಗಲ, ತೆಳು. ನೈದಿಲೆಯ ತೇಲುವ ಎಲೆಯಲ್ಲಿ ರಂಧ್ರಗಳೆಲ್ಲ ಮೇಲ್ಬದಿಯಲ್ಲಿಯೇ ಇರುತ್ತವೆ. ಜೋತುಬೀಳುವ ನೀಲಗಿರಿ ಎಲೆಗೆ ಎರಡೂ ಬದಿಯಿಂದ ಬೆಳಕು ಬೀಳುವುದರಿಂದ ಎರಡೂ ಬದಿಯಲ್ಲಿ ಪ್ಯಾಲಿಸೇಡ್ ಪದರವಿರುತ್ತದೆ. ಕಣಗಿಲೆಯ ತಳಬದಿಯಿಂದ ಅಚ್ಚು ತೆಗೆದವರಿಗೆ ಒಂದು ರಂಧ್ರವೂ ಸಿಗದೆ ನಿರಾಸೆಯಾಗಬಹುದು. ಅವು ಕೂದಲುಗಳಿಂದ ತುಂಬಿದ ಗುಳಿಗಳೊಳಗೆ ಅಡಗಿರುತ್ತವೆ, ಅಡ್ಡಸೀಳಿಕೆಯಲ್ಲಿ ಮಾತ್ರ ಕಾಣುತ್ತವೆ. ಗುಳಿಯಲ್ಲಿ ನಿಂತ ತೇವದ ಗಾಳಿ ನೀರಿನ ನಷ್ಟವನ್ನು ತಗ್ಗಿಸುತ್ತದೆ. ಕಣಗಿಲೆ ವಿಷದ ಗಿಡವಾದ್ದರಿಂದ ಮುಟ್ಟಿದ ಮೇಲೆ ಕೈ, ಬ್ಲೇಡು ಎರಡನ್ನೂ ತೊಳೆಯಬೇಕು.

ಕಳ್ಳಿ, ಅನಾನಸ್‌ನಂಥ ಗಿಡಗಳು ರಂಧ್ರಗಳನ್ನು ಮುಖ್ಯವಾಗಿ ರಾತ್ರಿ ತೆರೆದು, ಇಂಗಾಲದ ಡೈಆಕ್ಸೈಡನ್ನು ಆಮ್ಲದ ರೂಪದಲ್ಲಿ ಕೂಡಿಟ್ಟುಕೊಂಡು, ಹಗಲು ರಂಧ್ರ ಮುಚ್ಚಿ ಬಳಸುತ್ತವೆ. ಅವುಗಳ ಕೋಶಗಳು ದೊಡ್ಡದಾಗಿ ರಸಭರಿತವಾಗಿರುವುದು ಈ ಸಂಗ್ರಹಕ್ಕಾಗಿಯೇ.

ಕೊನೆಯದಾಗಿ ಮುಸುಕಿನ ಜೋಳದ ಎಲೆ. ಇದರ ಪ್ರತಿಯೊಂದು ನರದ ಸುತ್ತಲೂ ದೊಡ್ಡ ಹಸಿರು ಕೋಶಗಳ ಉಂಗುರವಿದ್ದು, ಅದರ ಸುತ್ತ ಮೀಸೋಫಿಲ್ ಎಂಬ, ಎಲೆಯ ಒಳಭಾಗದ ಹಸಿರು ಕೋಶಗಳ ಇನ್ನೊಂದು ಉಂಗುರವಿರುತ್ತದೆ. ಹೊರಗಿನ ಉಂಗುರ ಇಂಗಾಲದ ಡೈಆಕ್ಸೈಡನ್ನು ಹಿಡಿದು ನಾಲ್ಕು ಇಂಗಾಲಗಳ ಆಮ್ಲವಾಗಿಸಿ ಒಳಗಿನ ಉಂಗುರಕ್ಕೆ ದಾಟಿಸುತ್ತದೆ. ಒಳಗೆ ಅದು ಮತ್ತೆ ಬಿಡುಗಡೆಯಾಗಿ ಸಕ್ಕರೆಯಾಗುತ್ತದೆ. ಅನಿಲ ಒಳಗೆ ಸಾಂದ್ರಗೊಳ್ಳುವುದರಿಂದ ರಂಧ್ರಗಳನ್ನು ಕಡಿಮೆ ತೆರೆದರೂ ಕೆಲಸ ಸಾಗುತ್ತದೆ. 1960ರ ದಶಕದಲ್ಲಿ ವಿಜ್ಞಾನಿಗಳಾದ ಹ್ಯಾಚ್ ಮತ್ತು ಸ್ಲ್ಯಾಕ್ ಈ ಮಾರ್ಗವನ್ನು ವಿವರಿಸಿದರು. ಐದನೆಯ ಹಂತದ ಪಿಷ್ಟ ಪರೀಕ್ಷೆಯನ್ನು ಬಿಸಿಲಿನಲ್ಲಿದ್ದ ಜೋಳದ ಎಲೆಯ ತುಂಡಿನ ಮೇಲೆ ನಡೆಸಿ, ಅಡ್ಡಸೀಳಿಕೆಯನ್ನು ಸೂಕ್ಷ್ಮದರ್ಶಕದಲ್ಲಿಟ್ಟರೆ, ಕಡುನೀಲಿ ಬಣ್ಣವು ಎಲೆಯ ತುಂಬ ಹರಡಿರದೆ, ಮುಖ್ಯವಾಗಿ ನರಗಳನ್ನು ಸುತ್ತಿದ ಒಳ ಉಂಗುರದಲ್ಲಿಯೇ ಸೇರಿಕೊಂಡಿರುವುದು ಕಾಣುತ್ತದೆ.